ಮಾನ ಮುಚ್ಚುವ ಬಟ್ಟೆ, ಮಾನ ಅಳೆಯುವ ಕೊಳಗ

ಕನ್ನಡದಲ್ಲಿ ‘ಮಾನ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ಬಳಕೆಯಲ್ಲಿವೆ. ಮರ್ಯಾದೆ ಎಂಬುದು ಒಂದು, ಅಳತೆ ಎಂಬುದು ಇನ್ನೊಂದು. ಮಾನದಂಡ, ಪರಿಮಾಣ, ತಾಪಮಾನ ಎಂಬ ಪದಗಳಲ್ಲಿ ಅಳತೆಯ ಅರ್ಥ ಉಳಿದುಕೊಂಡಿದ್ದರೆ, ‘ಮಾನ ಮುಚ್ಚುವಷ್ಟು ಬಟ್ಟೆ’ ಎಂಬ ಆಡುಮಾತಿನಲ್ಲಿ ಮರ್ಯಾದೆಯ ಅರ್ಥ ಇಂದಿಗೂ ಜೀವಂತವಾಗಿದೆ. ಉಡುಗೆಯನ್ನು ಕುರಿತ ಗಂಭೀರ ಚರ್ಚೆಗೆ ಈ ಎರಡೂ ಅರ್ಥಗಳು ಬೇಕು. ಏಕೆಂದರೆ ಬಟ್ಟೆ ತೊಟ್ಟವರ ಮಾನವನ್ನು ಕಾಯುತ್ತದೆಯೇ ಎಂದು ಕೇಳಿದಷ್ಟೇ ಮುಖ್ಯವಾಗಿ, ಅದನ್ನು ನೇಯ್ದು, ಬಣ್ಣ ಕಟ್ಟಿ, ಹೊಲಿದವರಿಗೆ ಸಲ್ಲಬೇಕಾದ ಪಾಲು ಸರಿಯಾದ ಅಳತೆಯಲ್ಲಿ ಸಂದಿದೆಯೇ ಎಂದೂ ಕೇಳಬೇಕಾಗುತ್ತದೆ. ಸಮಕಾಲೀನ ಫ್ಯಾಷನ್ ವಿನ್ಯಾಸವು ದೇಸಿ ಜ್ಞಾನವನ್ನೂ ದೇಸಿ ಮೌಲ್ಯಗಳನ್ನೂ ಮತ್ತೆ ಮತ್ತೆ ನೆನೆಯುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಗಳನ್ನು ಕೇಳಲು ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಸಾಗರ ತಾಲ್ಲೂಕುಗಳ ಮಲೆನಾಡು ತಕ್ಕ ನೆಲವಾಗಿದೆ.

ಇಲ್ಲಿ ಬಳಸುವ ಪದಗಳನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಫ್ಯಾಷನ್ ವಿನ್ಯಾಸವೆಂದರೆ ನೂಲು, ಬಣ್ಣ, ನೇಯ್ಗೆ, ಕತ್ತರಿಕೆ, ಹೊಲಿಗೆ, ಅಲಂಕಾರ ಇವುಗಳನ್ನು ಒಂದು ಕಾಲದ ಅಭಿರುಚಿಗೆ ಒಪ್ಪುವಂತೆ ಜೋಡಿಸುವ ಕೆಲಸ. ದೇಸಿ ಜ್ಞಾನವೆಂದರೆ ಒಂದು ನೆಲದಲ್ಲಿ ಬಹುಕಾಲ ಬಾಳಿದ ಜನ ಅಲ್ಲಿನ ಗಿಡ, ಮಣ್ಣು, ನೀರು ಮತ್ತು ಋತುಗಳ ಗುಣವನ್ನು ಕೈಯಿಂದ ಕಲಿತು, ಬರಹದ ನೆರವಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ತಿಳಿವಳಿಕೆ. ಮೌಲ್ಯಗಳೆಂದರೆ ಆ ತಿಳಿವಳಿಕೆಯನ್ನು ಎಷ್ಟು, ಯಾವಾಗ, ಯಾರಿಗಾಗಿ ಬಳಸಬೇಕು ಎಂಬ ಕಟ್ಟುಪಾಡು. ಬಣ್ಣ ಮಾಡುವ ಬಗೆ ಜ್ಞಾನಕ್ಕೆ ಸೇರಿದ್ದಾದರೆ, ಆ ಬಣ್ಣಕ್ಕಾಗಿ ಮರವನ್ನು ಕಡಿಯದೆ ಉದುರಿದ ಕಾಯಿಯನ್ನು ಮಾತ್ರ ಆಯ್ದುಕೊಳ್ಳುವ ವಿವೇಕ ಮೌಲ್ಯಕ್ಕೆ ಸೇರಿದ್ದು. ಇವೆರಡೂ ಒಟ್ಟಿಗೆ ಬೆಳೆದವುಗಳಾದರೂ, ಪೇಟೆ ಮೊದಲನೆಯದನ್ನು ಬೇಗ ಕೊಂಡುಕೊಳ್ಳುತ್ತದೆ. ಎರಡನೆಯದನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ.

ಹೊರಗಿನದನ್ನೂ ಒಳಗಿನದನ್ನೂ ಬೆರೆಸುವುದು ಹೇಗೆ ಎಂಬ ಚಿಂತನೆ ಕನ್ನಡಕ್ಕೆ ಹೊಸದಲ್ಲ. ಎಲ್ಲೆಡೆ ಮಾನ್ಯವಾದ ಶಿಷ್ಟ ರೀತಿಯನ್ನು ‘ಮಾರ್ಗ’ವೆಂದೂ, ಒಂದು ನಾಡಿಗೇ ವಿಶಿಷ್ಟವಾದ ರೀತಿಯನ್ನು ‘ದೇಸಿ’ಯೆಂದೂ ಕರೆದ ಹಳಗನ್ನಡದ ಕವಿಗಳು ಇವೆರಡರ ಹೊಂದಾಣಿಕೆಯನ್ನು ಕಾವ್ಯದ ಗುರಿಯಾಗಿ ಕಂಡರು. ಹತ್ತನೆಯ ಶತಮಾನದ ಪಂಪನು ದೇಸಿಯೊಳಗೆ ಹೊಕ್ಕು, ಹಾಗೆ ಹೊಕ್ಕ ಮೇಲೆ ಮಾರ್ಗದೊಡನೆ ಬೆರೆಯಬೇಕೆಂಬ ಕ್ರಮವನ್ನು ಹೇಳಿದನು. ಈ ಕ್ರಮದಲ್ಲಿ ‘ಹೊಗುವುದು’ ಮೊದಲು, ‘ಬೆರೆಯುವುದು’ ಆಮೇಲೆ. ಪಂಪನ ಪ್ರೀತಿಯ ಬನವಾಸಿಯ ನೆರೆಯಲ್ಲೇ, ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿ ಇದೆ. ಬೆಟ್ಟದ ಮೇಲೆ ಹಳೆಯ ಕೋಟೆಯನ್ನೂ, ಅದೇ ಬೆಟ್ಟದ ಬಂಡೆಯ ಗುಹೆಯಲ್ಲಿ ರೇಣುಕಾಂಬೆಯ ಗುಡಿಯನ್ನೂ ಇಟ್ಟುಕೊಂಡಿರುವ ಈ ಊರು ಉಡುಗೆಯ ಚರಿತ್ರೆಯಲ್ಲಿ ಒಂದು ಕಠಿಣವಾದ ಪಾಠವನ್ನು ಕಲಿಸಿದೆ.

ಚಂದ್ರಗುತ್ತಿಯ ಜಾತ್ರೆಯಲ್ಲಿ ‘ಬೆತ್ತಲೆ ಸೇವೆ’ ಎಂಬ ಹರಕೆ ನಡೆಯುತ್ತಿತ್ತು. ರೋಗ ವಾಸಿಯಾಗಲೆಂದೋ, ಮಕ್ಕಳಾಗಲೆಂದೋ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಬರಿಮೈಯಲ್ಲಿ ಅಥವಾ ಬೇವಿನ ಸೊಪ್ಪನ್ನಷ್ಟೇ ಉಟ್ಟು ಗುಡಿಯವರೆಗೆ ನಡೆಯುತ್ತಿದ್ದರು. ಸೊಪ್ಪನ್ನು ಸೊಂಟದ ಸುತ್ತ ಕಟ್ಟಿಕೊಳ್ಳುವ ಈ ಆಚರಣೆಗೆ ‘ಬೇವಿನ ಉಡಿಗೆ’ ಎಂದು ಹೆಸರು. ಹೀಗೆ ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಸಮುದಾಯಗಳ ಬಡವರು, ಅದರಲ್ಲೂ ಹೆಂಗಸರು. ನಿಂತು ನೋಡುತ್ತಿದ್ದವರಲ್ಲಿ ಭಕ್ತಿಗಾಗಿ ಬಾರದ ಜನವೂ ಸೇರುತ್ತಿದ್ದರು. ದಲಿತ ಸಂಘಟನೆಗಳೂ ಪ್ರಗತಿಪರರೂ ಈ ಪದ್ಧತಿಯನ್ನು ವಿರೋಧಿಸಿ ಜನರ ಮನವೊಲಿಸಲು ಮುಂದಾದಾಗ, 1986ರ ಮಾರ್ಚ್ ತಿಂಗಳ ಜಾತ್ರೆಯಲ್ಲಿ ಘರ್ಷಣೆ ನಡೆದು, ಮಹಿಳಾ ಪೊಲೀಸರೂ ಸೇರಿದಂತೆ ಹಲವರನ್ನು ಹೊಡೆದು ಬೆತ್ತಲೆ ಮಾಡಿ ಮೆರವಣಿಗೆ ಮಾಡಲಾಯಿತು. ನಾಡು ತಲೆತಗ್ಗಿಸಿದ ಆ ಘಟನೆಯ ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಉಡುಗೆಯ ದೃಷ್ಟಿಯಿಂದ ಈ ಪ್ರಸಂಗವನ್ನು ನೋಡಿದಾಗ ಒಂದು ಸಂಗತಿ ಎದ್ದುಕಾಣುತ್ತದೆ. ಎಲ್ಲಮ್ಮ ರೇಣುಕೆಯರ ಭಕ್ತರಲ್ಲಿ ಉಟ್ಟ ಬಟ್ಟೆಯ ಮೇಲೆಯೇ ಬೇವಿನ ಸೊಪ್ಪನ್ನು ಕಟ್ಟಿಕೊಂಡು ಹರಕೆ ತೀರಿಸುವ ರೂಢಿಯೂ ಇದೆ. ಬೇವಿನ ತಂಪು, ಸಿಡುಬು ದಡಾರದಂಥ ಬೇನೆಗಳಲ್ಲಿ ಜನ ಅದರ ಮೇಲಿಟ್ಟ ನಂಬಿಕೆ, ದೇವಿಗೂ ಆ ಮರಕ್ಕೂ ಇರುವ ನಂಟು ಇವೆಲ್ಲ ಆ ರೂಢಿಯಲ್ಲಿ ಉಳಿದಿವೆ. ಅವಮಾನ ಮಾತ್ರ ಉಳಿದಿಲ್ಲ. ಪರಂಪರೆಯೊಳಗಿನ ಅರಿವನ್ನು ಇಟ್ಟುಕೊಂಡು ಅನ್ಯಾಯವನ್ನು ಕಳಚಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ. ದೇಸಿ ಎಂದ ಮಾತ್ರಕ್ಕೆ ಯಾವುದೂ ಪೂಜ್ಯವಾಗುವುದಿಲ್ಲ, ಹಳತು ಎಂದ ಮಾತ್ರಕ್ಕೆ ಯಾವುದೂ ತ್ಯಾಜ್ಯವಾಗುವುದಿಲ್ಲ. ಅದನ್ನು ಮಾಡುವವರು ಮತ್ತು ಉಡುವವರು ತಲೆಯೆತ್ತಿ ನಿಲ್ಲಬಲ್ಲರೇ ಎಂಬುದೇ ಆಯ್ಕೆಯ ಒರೆಗಲ್ಲು. ದೇಸಿ ಮೌಲ್ಯಗಳನ್ನು ಹೊಗಳುವ ಫ್ಯಾಷನ್ ಬರಹಗಳು ಸಾಮಾನ್ಯವಾಗಿ ಈ ಒರೆಗಲ್ಲನ್ನು ಬಳಸದೆಯೇ ಮುಂದೆ ಸಾಗುತ್ತವೆ.

ಚಂದ್ರಗುತ್ತಿಯಿಂದ ದಕ್ಷಿಣಕ್ಕೆ, ಸಾಗರ ತಾಲ್ಲೂಕಿನ ಹೆಗ್ಗೋಡಿನ ಸುತ್ತಮುತ್ತ, ಈ ಒರೆಗಲ್ಲಿಗೆ ಉಜ್ಜಿ ನೋಡಬಹುದಾದ ಒಂದು ಬಣ್ಣವಿದೆ. ಅದು ಅಡಿಕೆಯ ಚೊಗರು. ಮಲೆನಾಡಿನಲ್ಲಿ ಕೆಂಪಡಿಕೆ ಮಾಡುವಾಗ ಇನ್ನೂ ಹಣ್ಣಾಗದ ಹಸಿರು ಅಡಿಕೆಯನ್ನು ಕೊಯ್ದು, ಸಿಪ್ಪೆ ಸುಲಿದು, ದೊಡ್ಡ ಹಂಡೆಯಲ್ಲಿ ಬೇಯಿಸಿ, ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಒಂದರ ಮೇಲೊಂದರಂತೆ ಹಲವು ಸಲ ಅಡಿಕೆ ಬೆಂದ ನೀರು ಕ್ರಮೇಣ ಮಂದವಾಗಿ, ಕಡುಗೆಂಪು ಬಣ್ಣದ, ನಾಲಿಗೆಗಿಟ್ಟರೆ ಬಾಯಿ ಒಗರಾಗುವ ರಸವಾಗುತ್ತದೆ. ಇದೇ ಚೊಗರು. ಒಂದು ಪಾಲನ್ನು ಅಡಿಕೆಗೆ ಮೆರುಗು ಕೊಡಲು ಮತ್ತೆ ಬಳಸಿದರೂ ಉಳಿದದ್ದು ಬೆಳೆಗಾರನಿಗೆ ಉಪಉತ್ಪನ್ನ ಮಾತ್ರ. ಈ ರಸದಲ್ಲಿರುವ ಒಗರಿನ ಸತ್ವವನ್ನು ರಸಾಯನಶಾಸ್ತ್ರದಲ್ಲಿ ಟ್ಯಾನಿನ್ ಎನ್ನುತ್ತಾರೆ. ಚರ್ಮ ಹದ ಮಾಡುವುದಕ್ಕೂ, ಶಾಯಿ ತಯಾರಿಸುವುದಕ್ಕೂ, ಬಟ್ಟೆಗೆ ಬಣ್ಣ ಹಿಡಿಸುವುದಕ್ಕೂ ಲೋಕದ ಹಲವು ಕಡೆ ಜನ ಹಿಂದಿನಿಂದಲೂ ಬಳಸುತ್ತ ಬಂದಿರುವ ಸತ್ವವದು.

ಬಣ್ಣಗಾರಿಕೆಯ ಮುಖ್ಯ ಸಮಸ್ಯೆ ಬಣ್ಣವನ್ನು ಪಡೆಯುವುದಲ್ಲ, ಅದು ಒಗೆದರೂ ಹೋಗದಂತೆ ನಿಲ್ಲಿಸುವುದು. ರೇಷ್ಮೆ ಮತ್ತು ಉಣ್ಣೆ ಪ್ರಾಣಿಜನ್ಯವಾದ್ದರಿಂದ ಗಿಡದ ಬಣ್ಣವನ್ನು ಸುಲಭವಾಗಿ ಹಿಡಿದುಕೊಳ್ಳುತ್ತವೆ, ಹತ್ತಿ ಹಾಗಲ್ಲ. ಹತ್ತಿಯ ಎಳೆಗೂ ಬಣ್ಣಕ್ಕೂ ನಡುವೆ ಕೊಂಡಿಯಂತೆ ನಿಲ್ಲುವ ಒಂದು ವಸ್ತು ಬೇಕಾಗುತ್ತದೆ. ಅದನ್ನು ಬಣ್ಣಬಂಧಕ ಎನ್ನಬಹುದು. ಪಟಿಕ ಎಂದು ಅಂಗಡಿಯಲ್ಲಿ ಸಿಗುವ ಹರಳು ಹೀಗೆ ಬಳಕೆಯಾಗುವ ಬಂಧಕಗಳಲ್ಲಿ ಎಲ್ಲರಿಗೂ ಗೊತ್ತಿರುವಂಥದು. ಅದಕ್ಕೂ ಮೊದಲು ಹತ್ತಿಯನ್ನು ಅಳಲೆಕಾಯಿಯಂಥ ಒಗರು ಕಾಯಿಯ ನೀರಿನಲ್ಲಿ ಅದ್ದಿ ಹದಗೊಳಿಸುವುದು ಭಾರತದ ಬಣ್ಣಗಾರರ ಹಳೆಯ ಕ್ರಮ. ಚೊಗರಿನಲ್ಲಿ ಆ ಒಗರು ಮೊದಲೇ ತುಂಬಿರುವುದರಿಂದ ಅದು ಹತ್ತಿಗೆ ಹದವನ್ನೂ ಬಣ್ಣವನ್ನೂ ಒಟ್ಟಿಗೆ ತಂದುಕೊಡುತ್ತದೆ. ಪಟಿಕದೊಂದಿಗೆ ಸೇರಿದಾಗ ಇಟ್ಟಿಗೆಗೆಂಪಿಗೂ ಕಂದಿಗೂ ನಡುವಿನ ಛಾಯೆಗಳು ಮೂಡುತ್ತವೆ. ಕಬ್ಬಿಣದ ಅಂಶ ಸೇರಿದಾಗ ಅದೇ ರಸ ಬೂದು ಮತ್ತು ಕಪ್ಪಿನ ಕಡೆಗೆ ತಿರುಗುತ್ತದೆ.

ಈ ಕಪ್ಪು ಮಲೆನಾಡಿನ ಹೆಂಗಸರಿಗೆ ಪ್ರಯೋಗಾಲಯದ ಸಂಶೋಧನೆಯಿಂದ ತಿಳಿದುಬಂದದ್ದಲ್ಲ. ಕೊಯ್ಲಿನ ಕಾಲದಲ್ಲಿ ಮನೆಯಂಗಳದ ಚಪ್ಪರದಡಿ ಸಾಲಾಗಿ ಕುಳಿತು, ಮೆಟ್ಟುಗತ್ತಿಯನ್ನು ಕಾಲಿನಿಂದ ಅದುಮಿ ಹಿಡಿದು, ರಾತ್ರಿಯವರೆಗೂ ಅಡಿಕೆ ಸುಲಿಯುವವರ ಬೆರಳುಗಳು ಕೆಲವೇ ದಿನಗಳಲ್ಲಿ ಕಪ್ಪಾಗುತ್ತವೆ. ಸಿಪ್ಪೆಯ ಒಗರು ಕತ್ತಿಯ ಕಬ್ಬಿಣಕ್ಕೆ ತಾಗಿ, ಅಲ್ಲಿಂದ ಚರ್ಮದ ಗೆರೆಗಳೊಳಗೆ ಇಳಿದು, ಸೋಪಿಗೂ ಕಲ್ಲಿಗೂ ಜಗ್ಗದ ಕರೆಯಾಗಿ ಸುಗ್ಗಿ ಮುಗಿಯುವ ತನಕ ಉಳಿಯುತ್ತದೆ. ಉಟ್ಟ ಸೀರೆಯ ಮೇಲೆ ಬಿದ್ದ ಕರೆಯೂ ಅಷ್ಟೇ. ಬಣ್ಣದ ಮನೆಯಲ್ಲಿ ಕಬ್ಬಿಣದ ನೀರನ್ನೂ ಚೊಗರನ್ನೂ ಸೇರಿಸಿದಾಗ ನಡೆಯುವುದು ಇದೇ ಕ್ರಿಯೆ. ಕೂಲಿಯಾಳಿನ ಕೈಯಲ್ಲಿ ಕಂಡಾಗ ಕೊಳೆಯೆನಿಸುವ ಕರೆ ಪಟ್ಟಣದ ಅಂಗಡಿಯ ಜುಬ್ಬದಲ್ಲಿ ಕಂಡಾಗ ಸೊಗಸೆನಿಸುತ್ತದೆ. ಈ ಎರಡು ನೋಟಗಳ ನಡುವಿನ ಅಂತರವನ್ನು ತುಂಬುವುದು, ಅಂದರೆ ಬಣ್ಣಕ್ಕೆ ಸಿಕ್ಕ ಮರ್ಯಾದೆಯನ್ನು ಆ ಕೈಗೂ ದೊರಕಿಸಿಕೊಡುವುದು, ದೇಸಿ ವಿನ್ಯಾಸದ ನಿಜವಾದ ಕೆಲಸ.

ಆ ಕೆಲಸಕ್ಕೆ ಕೈಹಾಕಿದ ಸಂಸ್ಥೆ ‘ಚರಕ’. 1949ರಲ್ಲಿ ಹುಟ್ಟಿದ ನೀನಾಸಮ್‌ನಿಂದಾಗಿ ರಂಗಭೂಮಿಯ ಊರೆಂದು ಹೆಸರಾದ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ, ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ, 1990ರ ದಶಕದಲ್ಲಿ ಈ ಮಹಿಳಾ ಸಹಕಾರ ಸಂಘ ರೂಪುಗೊಂಡಿತು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಇಲ್ಲಿ ನೂಲಿನ ಲಡಿಗಳಿಗೆ ಬಣ್ಣ ಕಟ್ಟುವುದು, ಕೈಮಗ್ಗದಲ್ಲಿ ನೇಯುವುದು, ಮರದ ಅಚ್ಚಿನಿಂದ ಮುದ್ರಿಸುವುದು, ಹೊಲಿಯುವುದು ಎಲ್ಲವನ್ನೂ ಕಲಿತರು. ಸಿದ್ಧವಾದ ಬಟ್ಟೆ ‘ದೇಸಿ’ ಹೆಸರಿನ ಮಳಿಗೆಗಳ ಮೂಲಕ ನಗರಗಳನ್ನು ತಲುಪಿತು. ಕೆಂಪು ಕಂದುಗಳಿಗೆ ಚೊಗರು, ಹಳದಿಗೆ ದಾಳಿಂಬೆ ಸಿಪ್ಪೆ, ನೀಲಿಗೆ ನೀಲಿಗಿಡದ ಸತ್ವ ಹೀಗೆ ಬಣ್ಣದ ಪೆಟ್ಟಿಗೆಯೇ ತೋಟ ಮತ್ತು ಅಡುಗೆಮನೆಯ ಕಡೆಗೆ ಮುಖ ಮಾಡಿತು. ನೀಲಿಯ ರೀತಿ ಉಳಿದ ಬಣ್ಣಗಳದಕ್ಕಿಂತ ಬೇರೆ: ಗಾಳಿ ತಾಗದಂತೆ ಹುದುಗಿಸಿದ ತೊಟ್ಟಿಯಿಂದ ಮೇಲೆತ್ತಿದಾಗ ಹಸಿರಾಗಿ ಕಾಣುವ ನೂಲು ಗಾಳಿಗೆ ಒಡ್ಡಿಕೊಂಡಂತೆ ಕಣ್ಣೆದುರಲ್ಲೇ ನೀಲಿಯಾಗುತ್ತದೆ. ಅದಕ್ಕೆ ಬಣ್ಣಬಂಧಕದ ಹಂಗಿಲ್ಲ. ಆದರೆ ತೊಟ್ಟಿಯ ಹದವನ್ನು ವಾಸನೆಯಿಂದಲೂ ನೊರೆಯಿಂದಲೂ ಗುರುತಿಸಬಲ್ಲ ಅನುಭವಿ ಬೇಕು.

ಚರಕದ ಬಟ್ಟೆಯನ್ನು ಫ್ಯಾಷನ್ ವಿನ್ಯಾಸದ ಮಾತಾಗಿ ಪರಿಗಣಿಸಬೇಕಾದದ್ದು ಅದರ ಕತ್ತರಿಕೆಯ ವಿಶೇಷತೆಗಾಗಿ ಅಲ್ಲ. ಜುಬ್ಬ, ಕುರ್ತಾ, ಸೀರೆ, ಅಂಗಿಗಳ ಸರಳ ಆಕಾರಗಳೇ ಅಲ್ಲಿ ಮುಖ್ಯ. ವಿಶೇಷವಿರುವುದು ವಿನ್ಯಾಸದ ಆರಂಭ ಎಲ್ಲಿಂದ ಎಂಬುದರಲ್ಲಿ. ದೊಡ್ಡ ಕಂಪನಿಗಳಲ್ಲಿ ಮುಂದಿನ ಹಂಗಾಮಿನ ಬಣ್ಣಗಳನ್ನು ಮೊದಲು ತೀರ್ಮಾನಿಸಿ, ಬಳಿಕ ಅವುಗಳನ್ನು ಎಲ್ಲಿಂದಲಾದರೂ ಹೊಂದಿಸುತ್ತಾರೆ. ಇಲ್ಲಿ ನೆಲ ಏನು ಕೊಡುತ್ತದೆ ಎಂಬುದನ್ನು ಮೊದಲು ನೋಡಿ, ಬಳಿಕ ಅದಕ್ಕೆ ತಕ್ಕ ಬಟ್ಟೆಯನ್ನು ಯೋಚಿಸುತ್ತಾರೆ. ಚೊಗರು ಅಡಿಕೆ ಸುಗ್ಗಿಗೆ ಕಟ್ಟುಬಿದ್ದದ್ದು, ಒಣಗಿಸುವ ಕೆಲಸ ಬಿಸಿಲಿಗೆ ಕಟ್ಟುಬಿದ್ದದ್ದು, ಮಲೆನಾಡಿನ ಮಳೆಗಾಲ ಇವೆರಡಕ್ಕೂ ತಡೆಯೊಡ್ಡುವಂಥದು. ಒಂದು ಹಂಡೆಯ ಚೊಗರಿನಂತೆ ಇನ್ನೊಂದು ಹಂಡೆಯದಿರುವುದಿಲ್ಲವಾದ್ದರಿಂದ ಒಂದೇ ಛಾಯೆಯ ಸಾವಿರಾರು ಅಂಗಿಗಳನ್ನು ಒಪ್ಪಿಸುವ ಕರಾರಿಗೆ ಇಂಥ ಬಟ್ಟೆ ಒಗ್ಗುವುದಿಲ್ಲ. ಕೈಗಾರಿಕೆಯ ಕಣ್ಣಿಗೆ ದೋಷವಾದ ಈ ಏರುಪೇರನ್ನು ಗುಣವೆಂದು ಒಪ್ಪಿಕೊಳ್ಳುವಂತೆ ಗ್ರಾಹಕರ ಅಭಿರುಚಿಯನ್ನು ತಿದ್ದುವುದೂ ವಿನ್ಯಾಸಕಾರರ ಹೊಣೆಯಾಗುತ್ತದೆ.

ಈ ಏರುಪೇರು ದೋಷವೆನಿಸಿದ್ದು ಲೋಕಚರಿತ್ರೆಯಲ್ಲಿ ತೀರ ಇತ್ತೀಚೆಗೆ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನಿಂದ ನೇರಳೆ ಬಣ್ಣವನ್ನು ತೆಗೆದದ್ದು, 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟದ್ದು ಗಿಡದ ಬಣ್ಣಗಳ ವ್ಯವಹಾರವನ್ನು ಕೆಲವೇ ದಶಕಗಳಲ್ಲಿ ಕುಸಿಯುವಂತೆ ಮಾಡಿದವು. ಬಣ್ಣ ಅಗ್ಗವಾಯಿತು, ಎಲ್ಲರಿಗೂ ಎಟುಕಿತು. ಅದು ಸಣ್ಣ ಲಾಭವೇನಲ್ಲ. ಆದರೆ ಬಣ್ಣದ ಕಾರ್ಖಾನೆಗಳ ಕೊಳೆನೀರು ಹೊಳೆಗಳಿಗೆ ಸೇರಿತು, ಬಟ್ಟೆ ತಯಾರಿಸುವವರು ಯಾರೆಂಬುದು ತೊಡುವವರ ಕಣ್ಣಿಂದ ಮರೆಯಾಯಿತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು, ಹೊರದೇಶಗಳ ಅಂಗಡಿಗಳಿಗೆ ಉಡುಪು ಹೊಲಿಯುತ್ತಿದ್ದ 1,100ಕ್ಕೂ ಹೆಚ್ಚು ಕಾರ್ಮಿಕರು ಸತ್ತಾಗ, ಅಗ್ಗದ ಬಟ್ಟೆಯ ನಿಜವಾದ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದು ಜಗತ್ತಿಗೆ ತಿಳಿಯಿತು. ಇಂದು ದೇಸಿ ಜ್ಞಾನದ ಕಡೆಗೆ ಫ್ಯಾಷನ್ ಲೋಕ ಹೊರಳುತ್ತಿರುವುದರ ಹಿಂದೆ ಸೌಂದರ್ಯದ ಹಂಬಲದಷ್ಟೇ ಈ ಪಾಪಪ್ರಜ್ಞೆಯೂ ಇದೆ.

ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ದಾರಿ ಸುಗಮವಾಗುವುದಿಲ್ಲ ಎಂಬುದನ್ನೂ ಚರಕದ ಅನುಭವ ತೋರಿಸಿದೆ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಇರಬೇಕೆಂದು ಒತ್ತಾಯಿಸಿ ಪ್ರಸನ್ನ ಅವರು ಗ್ರಾಮ ಸೇವಾ ಸಂಘದ ಮೂಲಕ ಕರ ನಿರಾಕರಣೆಯ ಸತ್ಯಾಗ್ರಹವನ್ನೂ ಉಪವಾಸವನ್ನೂ ನಡೆಸಿದರು. ಯಂತ್ರದ ಬಟ್ಟೆಯಲ್ಲಿ ಬಂಡವಾಳದ ಪಾಲು ದೊಡ್ಡದು, ಕೈಯ ಬಟ್ಟೆಯಲ್ಲಿ ಕೂಲಿಯ ಪಾಲು ದೊಡ್ಡದು. ಎರಡಕ್ಕೂ ತೆರಿಗೆ ಹಾಕಿದರೆ ಎರಡನೆಯದರಲ್ಲಿ ತೆರಿಗೆಯ ಹೊರೆ ಬೀಳುವುದು ಶ್ರಮದ ಮೇಲೆಯೇ ಎಂಬುದು ಆ ವಾದದ ತಿರುಳು. ಮುಂದೆ 2020ರಲ್ಲಿ, ಕೊರೊನಾ ಕಾಲದಲ್ಲಿ, ಚರಕವು ತೀವ್ರ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತು. ಮಾರಾಟ ನಿಂತ ಕೂಡಲೇ ಮಗ್ಗವೂ ನಿಲ್ಲುವ ಸ್ಥಿತಿಯಲ್ಲಿ ದೇಸಿ ಉಡುಗೆಯನ್ನು ಹೊಗಳುವುದಷ್ಟೇ ಸಾಲದು, ಅದನ್ನು ಮಾಡುವವರ ಕೈಗೆ ವರ್ಷವಿಡೀ ಕೆಲಸ ಮತ್ತು ಸಕಾಲಕ್ಕೆ ಹಣ ಸಿಗುವ ವ್ಯವಸ್ಥೆಯೂ ಬೇಕು ಎಂಬ ಸತ್ಯ ಆ ಮುಗ್ಗಟ್ಟಿನಲ್ಲಿ ಎಲ್ಲರಿಗೂ ಕಾಣಿಸಿತು.

ಬಣ್ಣದ ಬಳಿಕ ಗಮನಿಸಬೇಕಾದದ್ದು ಗೆರೆ. ಸಾಗರ, ಸೊರಬ, ಸಿದ್ದಾಪುರ ಕಡೆಯ ದೀವರ ಸಮುದಾಯದ ಹೆಂಗಸರು ಮನೆಯ ಗೋಡೆಯ ಮೇಲೆ ಬರೆಯುವ ‘ಹಸೆ ಚಿತ್ತಾರ’ ಇಂದು ಸೀರೆಯ ಸೆರಗಿಗೂ, ಕುರ್ತಾದ ಅಂಚಿಗೂ, ಚೀಲಕ್ಕೂ ಇಳಿದಿದೆ. ಕೆಮ್ಮಣ್ಣು ಸಾರಿಸಿದ ಗೋಡೆಯೇ ಇದರ ಹಾಳೆ. ನೆನೆಸಿ ಅರೆದ ಅಕ್ಕಿಯ ಹಿಟ್ಟು ಬಿಳಿ, ಹುರಿದು ಕರಿಮಾಡಿದ ಅಕ್ಕಿ ಕಪ್ಪು, ಗುರಿಗೆ ಕಾಯಿ ಹಳದಿ. ಪುಂಡಿ ನಾರಿನ ತುದಿಯೇ ಕುಂಚ. ಮದುವೆಯ ಮನೆಯಲ್ಲಿ ವಧೂವರರನ್ನು ಕೂರಿಸುವ ತಾವಿನ ಹಿಂದಿನ ಗೋಡೆಗೆ ಹಸೆಗೋಡೆ ಎಂದು ಹೆಸರು, ಬರೆಯುವ ಕುಶಲೆಗೆ ಚಿತ್ತಾರಗಿತ್ತಿ ಎಂದು ಹೆಸರು. ಗೆರೆಯನ್ನು ಎಳೆ ಎಂದು ಕರೆಯುವುದೇ ಅರ್ಥಪೂರ್ಣವಾಗಿದೆ; ನೂಲಿನ ಎಳೆಗೂ ಗೋಡೆಯ ಎಳೆಗೂ ಭಾಷೆಯಲ್ಲಿ ಭೇದವಿಲ್ಲ. ಅಡ್ಡ, ಉದ್ದ, ಓರೆ ಎಳೆಗಳು ಲೆಕ್ಕ ತಪ್ಪದೆ ಒಂದನ್ನೊಂದು ಹಾಯ್ದು ಚೌಕಗಳಾಗಿ, ಜಡೆಗಳಾಗಿ, ತೇರುಗಳಾಗಿ, ಕೈಹಿಡಿದು ನಿಂತ ಗೊಂಬೆಗಳ ಸಾಲುಗಳಾಗಿ ಬೆಳೆಯುವಾಗ, ಆ ಹೆಂಗಸರ ಕೈಯಲ್ಲಿರುವುದು ಅಲಂಕಾರದ ಹವ್ಯಾಸಕ್ಕಿಂತ ಮಿಗಿಲಾದ ಜ್ಯಾಮಿತಿಯ ಅರಿವು ಎಂಬುದು ಮನವರಿಕೆಯಾಗುತ್ತದೆ.

ಚಿತ್ತಾರದ ಮೌಲ್ಯವನ್ನು ತಿಳಿಯಲು ಭೂಮಿ ಹುಣ್ಣಿಮೆಯ ಬುಟ್ಟಿಯನ್ನು ನೋಡಬೇಕು. ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ ಭತ್ತದ ಪೈರು ಹೊಡೆ ತುಂಬಿಕೊಂಡಿರುತ್ತದೆ. ಭೂಮಿ ಬಸುರಿಯಾಗಿದ್ದಾಳೆ ಎಂದು ಬಗೆದು, ಬಸುರಿಗೆ ಬಯಕೆ ತೀರಿಸುವಂತೆ, ಹಲವು ಬಗೆಯ ಸೊಪ್ಪು ತರಕಾರಿಗಳ ಅಡುಗೆಯನ್ನು ರಾತ್ರಿಯಿಡೀ ಮಾಡಿ, ಬೆಳಕು ಹರಿಯುವ ಮುನ್ನ ಗದ್ದೆಗೆ ಒಯ್ದು ಚರಗ ಚೆಲ್ಲುತ್ತಾರೆ. ಆ ಅಡುಗೆಯನ್ನು ಹೊತ್ತೊಯ್ಯುವುದು ‘ಬೂಮಣ್ಣಿ ಬುಟ್ಟಿ’. ಹೆಣೆದ ಬುಟ್ಟಿಯ ಕಣ್ಣುಗಳನ್ನು ಬಳಿದು ಮುಚ್ಚಿ, ಕೆಮ್ಮಣ್ಣು ಲೇಪಿಸಿ, ಒಣಗಿದ ಮೇಲೆ ಅಕ್ಕಿಹಿಟ್ಟಿನಿಂದ ಎಳೆ ಬರೆಯಲು ಹಲವು ದಿನಗಳು ಬೇಕು. ಹಾಗೆ ಬರೆದ ಬುಟ್ಟಿ ಹೊರಗೆ ಕಾಣಿಸಿಕೊಳ್ಳುವುದು ಆ ನಸುಕಿನ ಮಬ್ಬಿನಲ್ಲಿ, ಹೊಲದ ದಾರಿಯಲ್ಲಿ. ಇಷ್ಟೊಂದು ಶ್ರಮದ ಕಲೆ ಪ್ರದರ್ಶನಕ್ಕಾಗಿ ಅಲ್ಲ, ಬೆಳೆ ಕೊಡುವ ನೆಲಕ್ಕೆ ಸಲ್ಲಿಸುವ ಋಣಕ್ಕಾಗಿ ಎಂಬ ತಿಳಿವು ಆ ಎಳೆಗಳ ಒಳಗಿದೆ. ತೆಗೆದುಕೊಂಡಿದ್ದಕ್ಕೆ ಹಿಂದಿರುಗಿಸಬೇಕು ಎಂಬ ಈ ಮೌಲ್ಯವನ್ನು ಕಳಚಿಟ್ಟು ಎಳೆಗಳನ್ನು ಮಾತ್ರ ಬಟ್ಟೆಯ ಮೇಲೆ ಮುದ್ರಿಸಿದಾಗ, ಆಕಾರ ಉಳಿದು ಒಡಂಬಡಿಕೆ ಬಿದ್ದುಹೋಗುತ್ತದೆ.

ಹಾಗೆಂದು ಚಿತ್ತಾರ ಗೋಡೆಯ ಮೇಲೆಯೇ ಇರಬೇಕೆಂದು ಹೇಳುವುದು ನ್ಯಾಯವಲ್ಲ. ಮಣ್ಣಿನ ಗೋಡೆಗಳು ಕಡಿಮೆಯಾಗಿ ಸಿಮೆಂಟಿನ ಗೋಡೆಗಳು ಎದ್ದಿರುವ ಹಳ್ಳಿಗಳಲ್ಲಿ ಕಲೆಗೆ ಹೊಸ ನೆಲೆ ಬೇಕಾಗಿದೆ. ಬಟ್ಟೆ ಅಂಥ ಒಂದು ನೆಲೆಯಾಗಬಲ್ಲದು. ಕೇಳಬೇಕಾದದ್ದು ಅದು ಹೇಗೆ ದಾಟಿತು ಎಂಬುದನ್ನು. ಚಿತ್ತಾರಗಿತ್ತಿಯೇ ಬಟ್ಟೆಯ ಅಗಲ, ಮಡಿಕೆ, ನಿರಿಗೆಗಳನ್ನು ಅರಿತು ತನ್ನ ಎಳೆಯನ್ನು ಹೊಸದಾಗಿ ಹೊಂದಿಸಿಕೊಂಡರೆ ಅದು ದೇಸಿಯೊಳಗಿನ ಬೆಳವಣಿಗೆ. ಅವಳ ಗೋಡೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ದೂರದ ಊರಿನ ಯಂತ್ರದಲ್ಲಿ ಸಾವಿರ ಮೀಟರ್ ಮುದ್ರಿಸಿ, ‘ಟ್ರೈಬಲ್ ಪ್ರಿಂಟ್’ ಎಂಬ ಹೆಸರಿಟ್ಟು ಮಾರಿದರೆ ಅದು ಸುಲಿಗೆ. ಮೊದಲನೆಯದರಲ್ಲಿ ಪಂಪ ಹೇಳಿದ ಹೊಗುವಿಕೆ ಇದೆ, ಎರಡನೆಯದರಲ್ಲಿ ಅದಿಲ್ಲ. ಸೊರಬ ಸಾಗರಗಳ ಗುಡಿಗಾರರ ಬೆಂಡಿನ ಕೆಲಸಕ್ಕೂ ಈ ಮಾತು ಸಲ್ಲುತ್ತದೆ. ಜೌಗಿನಲ್ಲಿ ಬೆಳೆಯುವ ಗಿಡದ ಹಗುರವಾದ ಬಿಳಿ ತಿರುಳನ್ನು ಹಾಳೆಯಂತೆ ಸೀಳಿ ಅವರು ಕಟ್ಟುವ ಮದುವೆಯ ಬಾಸಿಂಗವು, ಬಳಸಿದ ಮೇಲೆ ಮಣ್ಣಿಗೆ ಸೇರುವ ಅಲಂಕಾರ ಹೇಗಿರಬೇಕು ಎಂಬುದನ್ನು ಇಂದಿನ ಆಭರಣ ವಿನ್ಯಾಸಕಾರರಿಗೆ ಕಲಿಸಬಲ್ಲದು. ಆದರೆ ಕಲಿಯುವವರು ಕುಶಲಕರ್ಮಿಯ ಎದುರು ಕುಳಿತು ಕಲಿಯಬೇಕು.

ಇಂಥ ಅರಿವಿನ ರಕ್ಷಣೆಗೆ ಕಾನೂನು ಕೊಟ್ಟಿರುವ ಒಂದು ಸಾಧನ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ. ಒಂದು ಸರಕಿನ ಗುಣಕ್ಕೂ ಖ್ಯಾತಿಗೂ ಅದು ಹುಟ್ಟಿದ ಪ್ರದೇಶವೇ ಕಾರಣವಾಗಿದ್ದರೆ, ಆ ಹೆಸರನ್ನು ಆ ಪ್ರದೇಶದ ತಯಾರಕರಷ್ಟೇ ಬಳಸುವಂತೆ 1999ರ ಕಾಯ್ದೆ ಅವಕಾಶ ಮಾಡಿಕೊಟ್ಟಿತು. ಕಾಯ್ದೆ ಜಾರಿಗೆ ಬಂದದ್ದು 2003ರಲ್ಲಿ. ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಉಡುಪಿ ಸೀರೆ, ಕಸೂತಿ, ಸಂಡೂರಿನ ಲಂಬಾಣಿ ಕಸೂತಿ ಮೊದಲಾದವು ಹೀಗೆ ಮಾನ್ಯತೆ ಪಡೆದಿವೆ. ಆದರೆ ಈ ಮಾನ್ಯತೆ ಕಾಯುವುದು ಹೆಸರನ್ನು. ಹೆಸರನ್ನು ಹೇಳದೆ ಆಕಾರವನ್ನು ಎತ್ತಿಕೊಂಡವರನ್ನು ತಡೆಯುವ ಬಲ ಅದಕ್ಕೆ ಕಡಿಮೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಗಳನ್ನು ಮೂಲದ ಉಲ್ಲೇಖವಿಲ್ಲದೆ ತೋರಿಸಿದಾಗ ಈ ಮಿತಿ ಎಲ್ಲರಿಗೂ ಅರಿವಾಯಿತು.

ಕೊಲ್ಹಾಪುರಿಯ ಪ್ರಕರಣ ಕರ್ನಾಟಕಕ್ಕೂ ಸೇರಿದ್ದು. 2019ರಲ್ಲಿ ಈ ಚಪ್ಪಲಿಗೆ ದೊರೆತ ಜಿಐ ಮಾನ್ಯತೆ ಮಹಾರಾಷ್ಟ್ರದ 4 ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳನ್ನೂ ಒಳಗೊಂಡಿದೆ. ಅಥಣಿಯ ಕುಶಲಕರ್ಮಿಗಳು ಈ ಚಪ್ಪಲಿಗೆ ಹೆಸರಾದವರು. ಚರ್ಮವನ್ನು ಗಿಡದ ಒಗರಿನಿಂದಲೇ ಹದ ಮಾಡಿ, ಚರ್ಮದ ದಾರದಿಂದಲೇ ಹೊಲಿಯುವ ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರು, ಅದೇ ಕಸುಬಿನ ಕಾರಣಕ್ಕೆ ಅಸ್ಪೃಶ್ಯತೆಯ ನೋವುಂಡ ದಲಿತ ಸಮುದಾಯಗಳು. ಟೀಕೆಯ ಬಳಿಕ ಪ್ರಾಡಾ ತನ್ನ ವಿನ್ಯಾಸಕ್ಕೆ ಭಾರತೀಯ ಪಾದರಕ್ಷೆಯೇ ಪ್ರೇರಣೆಯೆಂದು ಒಪ್ಪಿಕೊಂಡಿತು. 2025ರ ಕೊನೆಗೆ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮದೊಂದಿಗೂ ಕರ್ನಾಟಕದ ಚರ್ಮೋದ್ಯಮ ನಿಗಮವಾದ ಲಿಡ್ಕರ್‌ನೊಂದಿಗೂ ಒಪ್ಪಂದಕ್ಕೆ ಬಂದಿತು. ಇಂಥ ಒಪ್ಪಂದಗಳ ಸಾರ್ಥಕತೆಯನ್ನು ಅಳೆಯಬೇಕಾದದ್ದು ಮಾರಾಟದ ಬೆಲೆಯಲ್ಲಿ ಹೊಲಿದವರಿಗೆ ಸೇರಿದ ಪಾಲಿನಿಂದ. ಚಂದ್ರಗುತ್ತಿಯ ಪಾಠ ಇಲ್ಲಿಯೂ ಅನ್ವಯಿಸುತ್ತದೆ: ವಿದ್ಯೆ ಉಳಿಯಬೇಕು, ಅದರೊಂದಿಗೆ ಬೆಸೆದುಕೊಂಡ ಅವಮಾನ ಅಳಿಯಬೇಕು. ಕಸುಬು ಜಾತಿಯ ಸಂಕೋಲೆಯಾಗಿಯೇ ಮುಂದುವರಿಯುವುದಾದರೆ, ಚಪ್ಪಲಿ ಮಿಲಾನ್ ತಲುಪಿದರೂ ಮಾಡಿದವರು ಇದ್ದಲ್ಲಿಯೇ ಇರುತ್ತಾರೆ.

ದೇಸಿ ವಿನ್ಯಾಸದ ವಿರುದ್ಧ ಎತ್ತುವ ಆಕ್ಷೇಪಗಳಲ್ಲಿ ಎರಡಕ್ಕೆ ಉತ್ತರ ಕೊಡಬೇಕಾಗಿದೆ. ಗಿಡದ ಬಣ್ಣವೆಂದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ ಎಂಬುದು ಮೊದಲನೆಯದು. ಇದು ಸರಿಯಾದ ಮಾತು. ಬಣ್ಣದ ಹಂಡೆಗೆ ಸೌದೆ ಬೇಕು, ನೀರು ಬೇಕು, ಲೋಹದ ಲವಣಗಳನ್ನು ಅಳತೆ ಮೀರಿ ಬಳಸಿದರೆ ಉಳಿದ ನೀರು ಮಣ್ಣನ್ನು ಕೆಡಿಸುತ್ತದೆ. ಆದ್ದರಿಂದಲೇ ಜ್ಞಾನದೊಂದಿಗೆ ಮಿತಿಯ ಮೌಲ್ಯವೂ ಬರಬೇಕು ಎನ್ನುವುದು. ಕೈಮಗ್ಗದ ಬಟ್ಟೆ ದುಬಾರಿ, ಬಡವರಿಗೆ ಎಟುಕದು ಎಂಬುದು ಎರಡನೆಯದು. ಇದೂ ನಿಜ, ನಾಡಿಗೆಲ್ಲ ಬಟ್ಟೆ ಹೊದಿಸುವ ಹೊರೆಯನ್ನು ಕೈಮಗ್ಗದ ಮೇಲೆ ಹೊರಿಸುವುದು ಸಾಧ್ಯವಿಲ್ಲ. ಆದರೆ ಕೊಳ್ಳಬಲ್ಲವರು ವರ್ಷಕ್ಕೆ ಹತ್ತು ಅಂಗಿ ಕೊಂಡು ಎಸೆಯುವ ಬದಲು ಬಾಳಿಕೆ ಬರುವ ಎರಡು ಅಂಗಿಗಳಿಗೆ ನ್ಯಾಯವಾದ ಬೆಲೆ ಕೊಟ್ಟರೆ, ದುಬಾರಿಯೆಂಬ ಲೆಕ್ಕವೇ ಬದಲಾಗುತ್ತದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡಿದ ಅಜ್ಜಿಯರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಿನ್ಯಾಸ ಕಲಿಸುವ ಸಂಸ್ಥೆಗಳು ಇಲ್ಲಿ ಮಹತ್ವದ ಪಾತ್ರ ವಹಿಸಬಲ್ಲವು. ಬೆಂಗಳೂರಿನ ನಿಫ್ಟ್‌ನಂಥ ಸಂಸ್ಥೆಗಳ ವಿದ್ಯಾರ್ಥಿಗಳು ಕುಶಲಕರ್ಮಿಗಳ ಊರುಗಳಿಗೆ ಹೋಗಿ ಅಧ್ಯಯನ ನಡೆಸುವ ಪಾಠಕ್ರಮ ಈಗಾಗಲೇ ಇದೆ. ಆ ಭೇಟಿ ಮಾದರಿಗಳ ಸಂಗ್ರಹಕ್ಕೆ ಸೀಮಿತವಾಗದೆ, ಒಂದು ಸುಗ್ಗಿಯನ್ನೋ ಒಂದು ಹಬ್ಬವನ್ನೋ ಪೂರ್ತಿಯಾಗಿ ಜೊತೆಗೆ ಕಳೆಯುವ ಕಲಿಕೆಯಾಗಬೇಕು; ಚಿತ್ತಾರಗಿತ್ತಿಯೂ ಬಣ್ಣಗಾರಳೂ ಮಾಹಿತಿ ಕೊಡುವವರಾಗಿ ಉಳಿಯದೆ ಸಂಬಳ ಪಡೆಯುವ ಗುರುಗಳಾಗಿ ತರಗತಿಗೆ ಬರಬೇಕು. ಬಟ್ಟೆಯ ಚೀಟಿಯ ಮೇಲೆ ಅಳತೆ, ಬೆಲೆ, ಒಗೆಯುವ ವಿಧಾನ ಇರುವಂತೆ ಬಣ್ಣ ಎಲ್ಲಿಯದು, ಗೆರೆ ಯಾವ ಊರಿನ ಯಾವ ಸಮುದಾಯದ ಅರಿವು, ಮಾಡಿದವರಿಗೆ ಸಂದದ್ದೆಷ್ಟು ಎಂಬುದೂ ಇರಬೇಕೆಂದು ಕೊಳ್ಳುವವರು ಕೇಳತೊಡಗಿದರೆ, ಫ್ಯಾಷನ್ ಲೋಕ ಉತ್ತರ ಕೊಡಲೇಬೇಕಾಗುತ್ತದೆ.

ಈ ಬೇಡಿಕೆ ಮಲೆನಾಡಿಗೆ ಅಪರಿಚಿತವಾದದ್ದೇನೂ ಅಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ಎದುರು ಎದ್ದು ನಿಂತರು. ಅವರಲ್ಲಿ ಹೆಚ್ಚಿನವರು ಚಿತ್ತಾರ ಬರೆಯುವ ಅದೇ ದೀವರ ಸಮುದಾಯದವರು. ಎಚ್. ಗಣಪತಿಯಪ್ಪನವರು ಸಂಘಟಿಸಿದ, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಆ ಸತ್ಯಾಗ್ರಹದ ಮೂಲದಲ್ಲಿದ್ದದ್ದು ಗೇಣಿಯ ಭತ್ತ ಅಳೆಯುವ ಕೊಳಗ. ಕೊಡುವುದಿಲ್ಲ ಎಂದು ಆ ರೈತರು ಹೇಳಿರಲಿಲ್ಲ. ಅಳೆಯುವ ಕೊಳಗ ಸರಿಯಿರಲಿ ಎಂದಷ್ಟೇ ಕೇಳಿದ್ದರು. ಅಳತೆಯ ಮಾನಕ್ಕಾಗಿ ನಡೆದ ಆ ಹೋರಾಟ ಬಾಳಿನ ಮಾನಕ್ಕಾಗಿ ನಡೆದ ಹೋರಾಟವಾಗಿ ಬೆಳೆದು, ಕರ್ನಾಟಕದ ಭೂಸುಧಾರಣೆಗೆ ದಾರಿ ತೆರೆಯಿತು. ಇಂದು ತಮ್ಮ ಬಣ್ಣವನ್ನೂ ಎಳೆಯನ್ನೂ ಲೋಕದ ಉಡುಗೆಗೆ ಕೊಡಲು ಸಿದ್ಧರಿರುವ ಈ ಸೀಮೆಯ ಹೆಂಗಸರೂ ಕೊಡುವುದಿಲ್ಲ ಎನ್ನುತ್ತಿಲ್ಲ. ಕೊಂಡೊಯ್ಯುವವರ ಕೊಳಗ ಸರಿಯಿದ್ದರೆ, ಆ ಬಟ್ಟೆ ತೊಟ್ಟವರ ಮಾನವನ್ನೂ ಮಾಡಿದವರ ಮಾನವನ್ನೂ ಒಟ್ಟಿಗೆ ಕಾಯಬಲ್ಲದು.